ನಮ್ಮ ಹುಡುಗಿ ಮಾತು ಯಾರು ಕೇಳ್ತಾರೆ?

ಹೋದ ಭಾನುವಾರ ಓಕಳಿಪುರದ ನಮ್ಮ ಮನೆಗೆ ಪಕ್ಕದ ಬೀದಿ ಹುಡುಗಿಯೊಬ್ಬಳು ಬಂದಿದ್ದಳು. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಿ ಮಾಡ್ತಿದ್ದಾಳೆ. ಗುಮಾಸ್ತೆ ಕೆಲಸದವಳು ಅಂತ ಬೀದಿಯವರ ಅರ್ಜಿಗಳೆಲ್ಲ ನನ್ನ ಹತ್ರಾನೇ ಬರ್ತವೆ. ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು ಹರಡಿಕೊಂಡು ಕೂತಿದ್ದೆವು. ಜೊತೆಗೆ ಬಂದಿದ್ದ ಅವಳ ಸೋದರಮಾವ ಸುಮ್ಮನಿರಲಾರದೆ ಅಂದರು: “ಅಲ್ಲಮ್ಮ, ಲಾಠಿ ಹಿಡ್ಕೊಂಡು ನಿಂತ್ರೆ ಈ ಹುಡುಗಿ ಮಾತು ಯಾರು ಕೇಳ್ತಾರೆ? ಅದೂ ನಮ್ಮ ಜನದ ಹುಡುಗಿ ಮಾತು?”

ಅವರು ಕೆಟ್ಟ ಮನುಷ್ಯರಲ್ಲ. ಆದರೆ ಈ ಪ್ರಶ್ನೆ ಅವರದ್ದೂ ಅಲ್ಲ. ಇದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅವತ್ತು ಅವರಿಗೆ ಪೂರ್ತಿ ಹೇಳೋಕಾಗಲಿಲ್ಲ, ಇಲ್ಲಿ ಬರೀತಿದ್ದೀನಿ.

ಬಾಬಾಸಾಹೇಬರು ಹುಟ್ಟಿದ್ದು 1891ರಲ್ಲಿ, ಮಹೂ ಎಂಬ ದಂಡಿನ ಊರಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು, ಸೈನ್ಯದ ಶಾಲೆಯ ಮೇಷ್ಟ್ರು. ನಮ್ಮ ಜನಕ್ಕೆ ಊರಿನ ಶಾಲೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ದಂಡಿನ ಶಾಲೆಯಲ್ಲಿ ಸಿಪಾಯಿಗಳ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳೂ ಅಕ್ಷರ ಕಲಿತರು. ಆ ಬಾಗಿಲೂ ಮುಚ್ಚಿತು. ಬಾಬಾಸಾಹೇಬರು ಇನ್ನೂ ಮಗುವಾಗಿದ್ದಾಗಲೇ, 1892-93ರ ಸುಮಾರಿಗೆ, ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನು ನಿಲ್ಲಿಸಿದರು. ಇವರು ‘ಯುದ್ಧಕುಲ’ದವರಲ್ಲ, ಮೇಲ್ಜಾತಿ ಸಿಪಾಯಿಗಳು ಇವರ ಕೈಕೆಳಗೆ ದುಡಿಯಲು ಒಪ್ಪಲ್ಲ ಅನ್ನೋದು ವಾದ. ಅಂದರೆ, ಇವರ ಮಾತು ಯಾರು ಕೇಳ್ತಾರೆ?

ಸೈನ್ಯದಿಂದ ನಿವೃತ್ತರಾಗಿದ್ದ ಗೋಪಾಲ್ ಬಾಬಾ ವಲಂಗ್‌ಕರ್ 1894ರಲ್ಲಿ ಇದರ ವಿರುದ್ಧ ಮನವಿ ಬರೆದರು. 1910ರಲ್ಲಿ ಶಿವರಾಮ್ ಜಾನ್ಬಾ ಕಾಂಬ್ಳೆ ಲಂಡನ್ನಿನ ಭಾರತ ಮಂತ್ರಿಗೇ ಮನವಿ ಕಳಿಸಿದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಹೋದಾಗ ಕರೆದರು, ಯುದ್ಧ ಮುಗಿದ ಮೇಲೆ ಪಡೆಯನ್ನೇ ವಿಸರ್ಜಿಸಿದರು. ಕೊನೆಗೆ ಬಾಬಾಸಾಹೇಬರ ಒತ್ತಾಯಕ್ಕೆ ಮಣಿದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು 1941ರ ಅಕ್ಟೋಬರ್ 1ರಂದು, ನಮ್ಮ ಬೆಳಗಾವಿಯಲ್ಲಿ. ಸುಮಾರು ಐವತ್ತು ವರ್ಷ ಅರ್ಜಿ ಹಾಕಿ ಹಾಕಿ ತೆಗೆಸಿದ ಬಾಗಿಲು ಅದು.

ಅದಾಗಿ ವರ್ಷ ತುಂಬುವ ಮೊದಲೇ, 1942ರ ಜುಲೈನಲ್ಲಿ, ನಾಗಪುರದಲ್ಲಿ ದಲಿತ ಮಹಿಳೆಯರ ಸಮ್ಮೇಳನ ನಡೆಯಿತು. ಅಧ್ಯಕ್ಷೆ ಸುಲೋಚನಾಬಾಯಿ ಡೋಂಗ್ರೆ. ಹೊರಗೆ ಎರಡನೇ ಮಹಾಯುದ್ಧ. ದೇಶದ ರಕ್ಷಣೆ ಅಂತ ಎಲ್ಲ ಕಡೆ ಅದೇ ಮಾತು. ಒಳಗೆ ನಮ್ಮ ತಾಯಂದಿರು ಕೇಳಿದ್ದೇನು? ವಿಚ್ಛೇದನದ ಹಕ್ಕು. ಗಂಡಸರು ಒಬ್ಬಳ ಮೇಲೊಬ್ಬಳನ್ನು ಕಟ್ಟಿಕೊಳ್ಳೋದಕ್ಕೆ ತಡೆ. ದುಡಿಯುವ ಹೆಂಗಸರಿಗೆ ರಜೆ, ಪಿಂಚಣಿ. ಶಾಸನಸಭೆಗಳಲ್ಲಿ ಜಾಗ. ಮತ್ತೆ, ಬಟ್ಟೆ ಮಿಲ್ಲುಗಳಲ್ಲಿ ಹೆಂಗಸರ ಮೇಲೆ ಹೆಂಗಸರೇ ಮೇಲ್ವಿಚಾರಕರು.

ಈ ಕೊನೇ ಬೇಡಿಕೆ ಓದಿದಾಗ ನನಗೆ ನಮ್ಮಜ್ಜಿ ನೆನಪಾದಳು. ಮಿಲ್ಲಿಗೆ ಹೋಗ್ತಿದ್ದವಳು. ಮೇಸ್ತ್ರಿ ಎದುರಿಗೆ ಒಬ್ಬಳೇ ನಿಲ್ಲಬಾರದು ಅಂತ ಹೆಂಗಸರೆಲ್ಲ ಜೊತೆಜೊತೆಯಾಗಿ ಹೋಗಿ ಜೊತೆಯಾಗೇ ಬರ್ತಿದ್ರಂತೆ. ಅವಳ ಪಾಲಿಗೆ ಭದ್ರತೆ ಅಂದ್ರೆ ಅಷ್ಟೇ. ಗಡಿ ಎಲ್ಲಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ತನ್ನ ಗಡಿ ಯಾರು ದಾಟ್ತಾರೆ ಅಂತ ಚೆನ್ನಾಗಿ ಗೊತ್ತಿತ್ತು.

ಈಗ 2000ಕ್ಕೆ ಬನ್ನಿ. ಆ ವರ್ಷ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ತೆಗೆದುಕೊಂಡಿತು. ಯುದ್ಧ, ಗಲಭೆಗಳಲ್ಲಿ ಹೆಂಗಸರಿಗೆ ರಕ್ಷಣೆ ಬೇಕು, ಶಾಂತಿ ಮಾತುಕತೆಯಲ್ಲಿ, ಭದ್ರತೆಯ ತೀರ್ಮಾನಗಳಲ್ಲಿ ಅವರೂ ಕೂರಬೇಕು ಅಂತ. ಅದೇ ವರ್ಷ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಜೀವಂತ ಸುಟ್ಟರು. ಸತ್ತವರಲ್ಲಿ ಹೆಂಗಸರೂ ಇದ್ದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳೋ ಧೈರ್ಯ ಉಳಿಯದ ಊರನ್ನು ಶಾಂತವಾಗಿದೆ ಅಂತ ಹೇಗೆ ಕರೆಯೋದು?

2007ರಲ್ಲಿ ಭಾರತ ಲೈಬೀರಿಯಾಕ್ಕೆ ನೂರಕ್ಕೂ ಹೆಚ್ಚು ಮಹಿಳಾ ಪೊಲೀಸರ ತುಕಡಿ ಕಳಿಸಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅಂಥ ಪೂರ್ಣ ಮಹಿಳಾ ತುಕಡಿ ಅದೇ ಮೊದಲು. ಹೆಮ್ಮೆಯ ವಿಷಯವೇ. ಆದರೆ 1325ನ್ನು ನಮ್ಮ ದೇಶದೊಳಗೆ ಜಾರಿಗೆ ತರುವ ರಾಷ್ಟ್ರೀಯ ಕ್ರಿಯಾಯೋಜನೆ ನಮ್ಮಲ್ಲಿಲ್ಲ.

ಸೈನ್ಯದ ಕಥೆಗೆ ವಾಪಸ್ ಬರೋಣ. ಮಹಿಳಾ ಅಧಿಕಾರಿಗಳಿಗೆ ಕಾಯಂ ಹುದ್ದೆ ಕೊಡೋ ಕೇಸಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಏನು ಹೇಳಿತು ಗೊತ್ತಾ? ಹಳ್ಳಿಗಾಡಿನಿಂದ ಬಂದ ಸೈನಿಕರು ಹೆಂಗಸಿನ ನಾಯಕತ್ವ ಒಪ್ಪೋಕೆ ಮಾನಸಿಕವಾಗಿ ಇನ್ನೂ ಸಿದ್ಧರಿಲ್ಲ ಅಂತ. 1892ರ ಅದೇ ವಾದ, ಜಾತಿ ಇದ್ದ ಜಾಗದಲ್ಲಿ ಹೆಣ್ಣು. 2020ರ ಫೆಬ್ರವರಿ 17ರಂದು ಕೋರ್ಟು ಅದನ್ನು ತಳ್ಳಿಹಾಕಿತು. ಮರುವರ್ಷ ಮೇ 8ರಂದು ನಮ್ಮ ಬೆಂಗಳೂರಿನಲ್ಲೇ, ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ, 83 ಹೆಣ್ಣುಮಕ್ಕಳು ತರಬೇತಿ ಮುಗಿಸಿ ಸೈನಿಕರಾಗಿ ಹೊರಬಂದರು. ಆ ದಳಕ್ಕೆ ಸೇರಿದ ಮೊದಲ ಮಹಿಳಾ ಸೈನಿಕರು ಅವರು.

ಅದಕ್ಕೇ ನನ್ನ ತಕರಾರು ಇಷ್ಟು. ಎದುರಿಗಿರುವವರು ಒಪ್ಪಲ್ಲ ಅನ್ನೋದು ಎದುರಿಗಿರುವವರ ದೋಷ. ಅದಕ್ಕೆ ದಂಡ ಮಾತ್ರ ಪ್ರತಿಸಲ ನಾವೇ ಕಟ್ಟಬೇಕಾ?

ಕೆಲವು ವರ್ಷದ ಹಿಂದೆ ನಮ್ಮ ಜನದ ಒಬ್ಬ ಹೆಣ್ಣುಮಗಳ ಜೊತೆ ಒಂದು ಠಾಣೆಗೆ ಹೋಗಿದ್ದೆ. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಅಂತ 2013ರಿಂದ ಕಾನೂನಿದೆ. “ಮೇಡಂ ಇಲ್ಲ, ನಾಳೆ ಬನ್ನಿ” ಅಂದರು. ಮರುದಿನ ಹೋದೆವು, ಅದೇ ಮಾತು. ಮೂರನೇ ದಿನ ಅವಳು ಬರಲಿಲ್ಲ. ದೂರು ಅಲ್ಲಿಗೇ ಸತ್ತಿತು. ಆ ಕುರ್ಚಿಯಲ್ಲಿ ಒಬ್ಬಳು ಕೂತಿದ್ದಿದ್ದರೆ? ಅವಳು ನಮ್ಮ ಕೇರಿ ಕಂಡವಳಾಗಿದ್ದಿದ್ದರೆ?

ಪಡೆಗಳಲ್ಲಿ ಹೆಂಗಸರು ಎಷ್ಟು ಅಂತ ಸರ್ಕಾರ ಲೆಕ್ಕ ಕೊಡುತ್ತೆ. ಅವರಲ್ಲಿ ದಲಿತ ಹೆಣ್ಣುಮಕ್ಕಳೆಷ್ಟು, ಯಾವ ಹುದ್ದೆಯಲ್ಲಿ ಅಂತ ನಾವು ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಹಾಕಿ, ಬರೆಯಲು ಬಾರದಿದ್ದರೆ ನನಗೆ ಹೇಳಿ, ಬರೆದುಕೊಡ್ತೀನಿ.

ಹುಡುಗಿಯ ಅರ್ಜಿ ಅವತ್ತೇ ತುಂಬಿದೆವು. ಮಾವ ಕೊನೆಗೆ ಬಾಯಿಬಿಟ್ಟು ಏನೂ ಒಪ್ಪಲಿಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಅವಳು ಓಡೋಕೆ ಹೋಗುವಾಗ ಬೀದಿ ಕೊನೆವರೆಗೆ ಜೊತೆಗೆ ಬರ್ತಿದ್ದಾರಂತೆ.

ಜೈ ಭೀಮ್.