ಹರಾಕಿರಿ (1962ರ ಚಲನಚಿತ್ರ)

‘ಹರಾಕಿರಿ’ (ಮೂಲ ಹೆಸರು ‘ಸೆಪ್ಪುಕು’) ಮಸಾಕಿ ಕೊಬಯಾಶಿ ನಿರ್ದೇಶಿಸಿದ ಜಪಾನಿ ಕಪ್ಪು-ಬಿಳುಪು ಚಿತ್ರ. ಯಸುಹಿಕೊ ತಕಿಗುಚಿ ಅವರ ಕತೆಯನ್ನು ಆಧರಿಸಿ ಶಿನೊಬು ಹಶಿಮೊಟೊ ಚಿತ್ರಕಥೆ ಬರೆದರು. ಸಂಗೀತ ತೊರು ತಕೆಮಿತ್ಸು ಅವರದು. 1963ರ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ದೊರೆಯಿತು.

ಕಥೆ

1630ರ ಎಡೊ ನಗರ. ತೊಕುಗಾವ ಆಳ್ವಿಕೆಯಲ್ಲಿ ಯುದ್ಧಗಳು ನಿಂತಿವೆ; ಹಲವು ಸಾಮಂತ ಮನೆತನಗಳು ಅಳಿದು, ಒಡೆಯರಿಲ್ಲದ ಸಮುರಾಯ್‌ಗಳು ಹೊಟ್ಟೆಪಾಡಿಗೆ ಪರದಾಡುತ್ತಿದ್ದಾರೆ. ಅಂಥವರಲ್ಲೊಬ್ಬನಾದ ಹನ್‌ಶಿರೊ (ತತ್ಸುಯ ನಕದಾಯ್) ‘ಈ’ ಎಂಬ ಹೆಸರಿನ ಸಾಮಂತ ಮನೆತನದ ಸೌಧಕ್ಕೆ ಬಂದು, ಹೊಟ್ಟೆ ಬಗಿದುಕೊಂಡು ಸಾಯಲು ಅಂಗಳದಲ್ಲಿ ಜಾಗ ಕೇಳುತ್ತಾನೆ. ಇಂಥ ಬೇಡಿಕೆಯ ಮರೆಯಲ್ಲಿ ಹಣ ಗಿಟ್ಟಿಸುವವರ ಕಾಟವೆಂದು ಭಾವಿಸಿದ ಮನೆತನವು ಈ ಹಿಂದೆ ಮೊತೊಮೆ ಎಂಬ ಯುವಕನನ್ನು ನಿಜಕ್ಕೂ ಸಾಯುವಂತೆ ಬಲವಂತಪಡಿಸಿತ್ತು. ಅವನು ತನ್ನ ಕತ್ತಿಗಳನ್ನು ಮಾರಿ ಬಿದಿರಿನ ಅಲಗು ಕಟ್ಟಿಕೊಂಡಿದ್ದ. ಅದರಿಂದಲೇ ಹೊಟ್ಟೆ ಬಗಿದುಕೊಳ್ಳಬೇಕಾಯಿತು. ಮೊತೊಮೆ ಹನ್‌ಶಿರೊನ ಅಳಿಯ. ಕಾಯಿಲೆ ಬಿದ್ದ ಹೆಂಡತಿ, ಮಗುವಿಗಾಗಿ ಅವನು ಅಲ್ಲಿಗೆ ಹೋಗಿದ್ದನೆಂಬುದು ಹನ್‌ಶಿರೊ ಹೇಳುವ ಕಥೆಯಿಂದ ತಿಳಿಯುತ್ತದೆ.

ಅಂತ್ಯ

ಹೊಟ್ಟೆ ಬಗಿದುಕೊಂಡಾಗ ತನ್ನ ತಲೆ ಕಡಿಯುವ ಕೆಲಸಕ್ಕೆ ಹನ್‌ಶಿರೊ ಒಬ್ಬೊಬ್ಬರಾಗಿ ಮನೆತನದ ಮೂವರನ್ನು ಹೆಸರಿಸಿ ಕರೆಯುತ್ತಾನೆ. ಮೂವರಿಗೂ ಹುಷಾರಿಲ್ಲವೆಂಬ ಉತ್ತರ ಬರುತ್ತದೆ. ಮೊತೊಮೆಯನ್ನು ಹಿಂಸಿಸಿದ ಈ ಮೂವರನ್ನು ಅವನು ಮೊದಲೇ ಸೋಲಿಸಿ, ಜುಟ್ಟು ಕತ್ತರಿಸಿದ್ದಾನೆ. ಆ ಜುಟ್ಟುಗಳನ್ನು ಈಗ ಅಂಗಳಕ್ಕೆ ಎಸೆಯುತ್ತಾನೆ. ಜುಟ್ಟು ಹೋದರೆ ಸಮುರಾಯ್‌ಗೆ ಮಾನ ಹೋದಂತೆ. ಮಾನದ ಹೆಸರಿನಲ್ಲಿ ಮೊತೊಮೆಯನ್ನು ಕೊಂದವರೇ ಮಾನ ಹೋದ ಮೇಲೆ ಮನೆಯಲ್ಲಿ ಅಡಗಿ ಕೂತಿದ್ದಾರೆ.

ಬಳಿಕ ಮನೆತನದವರು ಹನ್‌ಶಿರೊನ ಮೇಲೆ ಬೀಳುತ್ತಾರೆ. ಆ ಕಾಳಗದಲ್ಲಿ ಅವರಲ್ಲಿ ನಾಲ್ವರು ಸಾಯುತ್ತಾರೆ, ಎಂಟು ಮಂದಿ ಗಾಯಗೊಳ್ಳುತ್ತಾರೆ. ಹನ್‌ಶಿರೊ ಮನೆತನದ ಪೂಜ್ಯ ಕವಚವನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ. ಅವನು ಹೊಟ್ಟೆಗೆ ಅಲಗು ಇಟ್ಟುಕೊಂಡಾಗ ಕೊಲ್ಲುವುದು ಕತ್ತಿಯಲ್ಲ, ಬಂದೂಕು. ಸತ್ತವರೆಲ್ಲ ಕಾಯಿಲೆಯಿಂದ ತೀರಿಕೊಂಡರೆಂದೇ ಹೇಳಬೇಕೆಂದು ದಿವಾನ ಸೈತೊ ಕಾಗೆಯು ಆಜ್ಞಾಪಿಸುತ್ತಾನೆ. ಕವಚವನ್ನು ಮತ್ತೆ ಜೋಡಿಸಿಡಲಾಗುತ್ತದೆ. ಮನೆತನದ ಅಧಿಕೃತ ದಿನಚರಿಯಲ್ಲಿ ಅದರ ಹೆಸರಿಗೆ ಕಳಂಕವಿಲ್ಲ.

ಆಶಯಗಳು

ಚಿತ್ರದ ಆರೋಪ ಸಮುರಾಯ್ ನೀತಿಯನ್ನು ಗುತ್ತಿಗೆ ಹಿಡಿದ ಅಧಿಕಾರದ ಮೇಲೆ. ಬಡವನಿಗೆ ಪ್ರಾಣಕ್ಕಿಂತ ಮಾನ ದೊಡ್ಡದೆಂದು ಬೋಧಿಸುವ ಮನೆತನ, ತನ್ನ ಸರದಿ ಬಂದಾಗ ಸುಳ್ಳು ಲೆಕ್ಕ ಬರೆಸುತ್ತದೆ. ಕವಚದೊಳಗೆ ಯಾರೂ ಇಲ್ಲ ಎಂಬುದು ಇದೇ ಮಾತಿನ ದೃಶ್ಯರೂಪ. ದಿನಚರಿಯಿಂದಲೇ ತೆರೆದು ದಿನಚರಿಯಲ್ಲೇ ಮುಗಿಯುವ ಚಿತ್ರವು ಅಧಿಕೃತ ಇತಿಹಾಸವನ್ನು ಬರೆಯುವವರು ಯಾರೆಂದು ಕೇಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದು ಬಡ್ತಿಯನ್ನು ನಿರಾಕರಿಸಿದ್ದ ಕೊಬಯಾಶಿ, ಕುರುಡು ವಿಧೇಯತೆಯನ್ನು ತಮ್ಮ ‘ಮಾನವ ಸ್ಥಿತಿ’ ಚಿತ್ರತ್ರಯದಲ್ಲೂ (1959–61) ಪ್ರಶ್ನಿಸಿದ್ದರು.

ಮರುನಿರ್ಮಾಣ

ತಕಾಶಿ ಮಿಯಿಕೆ ಇದೇ ಕತೆಯನ್ನು 2011ರಲ್ಲಿ 3ಡಿಯಲ್ಲಿ ಮತ್ತೆ ತೆರೆಗೆ ತಂದರು. ಆ ಚಿತ್ರವೂ ಕಾನ್ ಸ್ಪರ್ಧಾ ವಿಭಾಗದಲ್ಲಿತ್ತು.