ಬೂದಿಯ ಮೇಲೆ ಎದ್ದ ಪೇಟೆಗಳು: ರಾಮನಗರ ಸೀಮೆಯ ಯುದ್ಧಾವಶೇಷಗಳು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾಗುವವರಿಗೆ ರಾಮನಗರವೆಂದರೆ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣವೆಂದರೆ ಅರಗಿನ ಬಣ್ಣದ ಬೊಂಬೆ. ಕನಕಪುರ, ಮಾಗಡಿಗಳು ರಾಜಧಾನಿಯ ಅಂಚಿಗೆ ಬಂದು ಸೇರುತ್ತಿರುವ ಪಟ್ಟಣಗಳು. ಈ ನಾಲ್ಕೂ ತಾಲ್ಲೂಕುಗಳು ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ರಣಭೂಮಿಯಾಗಿದ್ದವು. ಅಂದು ಒಡೆದ ಗೋಡೆಗಳ, ಉರಿದ ಊರುಗಳ ಗುರುತು ಇಂದಿನ ಬೀದಿಗಳಲ್ಲಿ ಸುಲಭವಾಗಿ ಕಾಣದು.

ಈ ಸೀಮೆಯ ದುರ್ಗಗಳಿಗೆ ಆ ಯುದ್ಧಕ್ಕೂ ಹಿಂದಿನ ಇತಿಹಾಸವಿದೆ. ಚನ್ನಪಟ್ಟಣ ಜಗದೇವರಾಯನ ವಂಶದವರ ನೆಲೆಯಾಗಿತ್ತು. 1630ರಲ್ಲಿ ಅದು ಮೈಸೂರು ಒಡೆಯರ ವಶವಾಯಿತು. 1638ರಲ್ಲಿ ಬಿಜಾಪುರದ ಸೇನೆಗೆ ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡರ ಮನೆತನ ಮಾಗಡಿಗೆ ಸರಿದು, ಸಾವನದುರ್ಗವನ್ನು ತನ್ನ ಆಶ್ರಯವಾಗಿ ಮಾಡಿಕೊಂಡಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಅದನ್ನೂ ಗೆದ್ದನು. ಮಾಗಡಿಯ ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ಮಡಿದನು. ಹೀಗೆ ಈ ಬೆಟ್ಟಗಳು ಒಬ್ಬ ಅರಸನ ಕೈಯಿಂದ ಮತ್ತೊಬ್ಬನ ಕೈಗೆ ಸಾಗುತ್ತ, ಹಳೆಯ ಗಾಯಗಳನ್ನು ಹೊತ್ತೇ ಟಿಪ್ಪುಸುಲ್ತಾನನ ಕಾಲಕ್ಕೆ ಬಂದು ನಿಂತಿದ್ದವು.

ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನು 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ 21ರ ರಾತ್ರಿ ಕೋಟೆಯನ್ನೂ ಹಿಡಿದನು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಅಸುನೀಗಿದನು. ಮುಂದೆ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದ ಸೇನೆ, ಚನ್ನಪಟ್ಟಣದ ನೇರ ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ ಬಳಸು ದಾರಿ ಹಿಡಿಯಿತು. ಈ ಕಾನಕಾನಹಳ್ಳಿಯೇ ಇಂದಿನ ಕನಕಪುರ. ಶತ್ರುವಿಗೆ ಹಿಡಿ ಹುಲ್ಲೂ ಪಾವು ಕಾಳೂ ಸಿಗಬಾರದೆಂದು ಟಿಪ್ಪು ತನ್ನ ನಾಡನ್ನೇ ಬರಿದುಮಾಡಿಸಿದನು. 1799ರಲ್ಲಿ ಜನರಲ್ ಹ್ಯಾರಿಸನ ಸೇನೆ ಅದೇ ಮಾರ್ಗವಾಗಿ ಮಳವಳ್ಳಿಯತ್ತ ನಡೆಯಿತು. ಕಾನಕಾನಹಳ್ಳಿ ಎರಡು ಬಾರಿ ಹಾಳಾದುದು ಹೀಗೆ, ಮತ್ತು ಎರಡು ಬಾರಿಯೂ ಹಾಳುಗೆಡವಿದ್ದು ಅದನ್ನು ಕಾಯಬೇಕಾದ ಪ್ರಭುತ್ವವೇ. ಸೈನ್ಯತಂತ್ರದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯಿದ್ದೀತು. ಕಣಜ ಕಳೆದುಕೊಂಡ ಒಕ್ಕಲಿಗನಿಗೆ ಮಾತ್ರ ಬೆಂಕಿ ಯಾರದಾದರೂ ಬೆಂಕಿಯೇ.

ಸಾವನದುರ್ಗದ ಪತನ ಬೇರೆ ಬಗೆಯದು. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳ ಈ ಏಕಶಿಲಾ ಪರ್ವತವನ್ನು ದಟ್ಟವಾದ ಕಾಡು ಸುತ್ತುವರಿದಿತ್ತು. ಕಾಡಿನ ಜ್ವರ ಅದಕ್ಕೆ ಎರಡನೆಯ ಕೋಟೆಯಾಗಿತ್ತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಸದಿನ ದಾರಿಗೆ ಈ ದುರ್ಗ ಬೆದರಿಕೆಯಾಗಿದ್ದುದರಿಂದ ಅದನ್ನು ಗೆಲ್ಲದೆ ಮುಂದುವರಿಯುವಂತಿರಲಿಲ್ಲ. 1791ರ ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟನ ಪಡೆ ಬೀಡುಬಿಟ್ಟಿತು. ಕಾಡು ಕಡಿದು ದಾರಿ ಮಾಡಿ, ಭಾರವಾದ ಫಿರಂಗಿಗಳನ್ನು ಬಂಡೆಗಳ ನಡುವೆ ಎಳೆದುತಂದರು. 17ರಂದು ಗುಂಡಿನ ದಾಳಿ ಆರಂಭವಾಯಿತು. 21ರಂದು, ಒಡೆದ ಗೋಡೆಯ ಮೂಲಕ ಸೈನಿಕರು ನುಗ್ಗಿದರು. ಒಂದು ಗಂಟೆಯೊಳಗೆ ಎಲ್ಲವೂ ಮುಗಿದಿತ್ತು. ದಾಳಿಯಿಟ್ಟವರಲ್ಲಿ ಒಬ್ಬನೂ ಸಾಯಲಿಲ್ಲ; ಕೋಟೆಯೊಳಗಿದ್ದವರಲ್ಲಿ ನೂರಕ್ಕೂ ಮಿಕ್ಕಿ ಜನ ಸತ್ತರು, ಹಲವರು ಓಡುತ್ತ ಪ್ರಪಾತಕ್ಕೆ ಬಿದ್ದರು. ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳು ಕೆಲವೇ ದಿನಗಳಲ್ಲಿ ಕೈಬಿಟ್ಟವು.

ಆ ಗೆಲುವಿನ ಚಿತ್ರ ಉಳಿದಿರುವುದು ಗೆದ್ದವರ ಕೈಯಲ್ಲಿ. ಸೇನೆಯೊಡನೆ ಸಂಚರಿಸಿದ ಚಿತ್ರಕಾರ ರಾಬರ್ಟ್ ಹೋಮ್ ಈ ಯುದ್ಧಭೂಮಿಯ ದೃಶ್ಯಗಳನ್ನು ಬರೆದು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಸೋತವರ, ನಡುವೆ ಸಿಕ್ಕಿಬಿದ್ದವರ ಮಾತು ಎಲ್ಲಿ? ಅದನ್ನು ಹುಡುಕುವ ದಾರಿಯೂ ವಿಪರ್ಯಾಸವೆಂಬಂತೆ ಆ ಸೇನೆಯ ಒಬ್ಬ ಎಂಜಿನಿಯರನ ಮೂಲಕವೇ ಸಾಗುತ್ತದೆ. 1790–92ರ ಯುದ್ಧದಲ್ಲಿಯೂ 1799ರ ಮುತ್ತಿಗೆಯಲ್ಲಿಯೂ ಸೇವೆ ಸಲ್ಲಿಸಿದ ಕಾಲಿನ್ ಮೆಕೆಂಜಿ, ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯ ಮೋಜಣಿ ಕೈಗೊಂಡು ಊರೂರಿನ ಕೈಫಿಯತ್ತು, ಶಾಸನ, ಓಲೆಗರಿಗಳನ್ನು ಸಂಗ್ರಹಿಸಿದನು. ಅವನಿಗೆ ನೆರವಾದವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಒಬ್ಬನು. 1804ರಲ್ಲಿ ಮೆಕೆಂಜಿಯನ್ನು ಕಂಡ ಕನಕಗಿರಿಯ ದೇವಚಂದ್ರ, ಮುಂದೆ 1838ರಲ್ಲಿ ‘ರಾಜಾವಳೀ ಕಥೆ’ಯನ್ನು ಪೂರೈಸಿದನು, ಜೈನ ಪುರಾಣ ಪರಂಪರೆಯೊಂದಿಗೆ ಮೈಸೂರಿನ ಅರಸರ ವೃತ್ತಾಂತವನ್ನೂ ಹೆಣೆದ ಕೃತಿ ಅದು. ಕೋಟೆ ಒಡೆಯಲು ಬಂದ ಸೇನೆಯಲ್ಲಿದ್ದ ಕೈಯೇ ಊರಿನ ನೆನಪನ್ನು ಬರೆಯಿಸಿತು. ಆ ದಾಖಲೆಗಳ ಬೆಲೆಯೂ ಅವುಗಳ ಮಿತಿಯೂ ಇರುವುದು ಇಲ್ಲಿಯೇ.

ಅವಶೇಷಗಳನ್ನು ಮರೆಸಿದ್ದು ಕಾಲವೊಂದೇ ಅಲ್ಲ, ಹೊಸ ಹೆಸರುಗಳೂ ಹೌದು. ಕಾಡಿನ ನಡುವೆ ಹೆದ್ದಾರಿಯ ರಕ್ಷಣೆಗೆಂದು ದಿವಾನ್ ಪೂರ್ಣಯ್ಯ 1800ರಲ್ಲಿ ಒಂದು ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟನು. ಕ್ಲೋಸ್‌ಪೇಟೆ ಮುಂದೆ ರಾಮನಗರವಾಯಿತು. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. 2025ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ವೆಂಬ ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ರಾಮದೇವರ ಬೆಟ್ಟಕ್ಕೆ ಬರುವವರಲ್ಲಿ ಅನೇಕರು 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳನ್ನು ಅರಸುತ್ತಾರೆ. ಕಲ್ಪಿತ ದರೋಡೆಕೋರನ ನೆನಪು ಗಟ್ಟಿಯಾಗಿ ಉಳಿದಿರುವಲ್ಲಿ, ನಿಜವಾದ ಮುತ್ತಿಗೆಯ ನೆನಪು ಮಸುಕಾಗಿದೆ.

ನಗರ ಬೆಳೆದ ಮೇಲೆ ಏನಾಗುತ್ತದೆಂಬುದಕ್ಕೆ ಬೆಂಗಳೂರೇ ನಿದರ್ಶನ. ಅಲ್ಲಿನ ಕೋಟೆಯ ಹೆಚ್ಚಿನ ಭಾಗ ಅಳಿದು, ಅದರ ಆವರಣದಲ್ಲಿ ಆಸ್ಪತ್ರೆ, ಶಾಲೆ, ರಸ್ತೆಗಳು ಎದ್ದವು. 1791ರಲ್ಲಿ ಗೋಡೆ ಒಡೆದ ಜಾಗವನ್ನು ಸೂಚಿಸುವ ಕಲ್ಲಿನ ಫಲಕವೂ ದೆಹಲಿ ಬಾಗಿಲೂ ಉಳಿದಿವೆ. 2012ರಲ್ಲಿ ಕೋಟೆಯ ಬಳಿ ಮೆಟ್ರೊ ಕಾಮಗಾರಿಗೆ ನೆಲ ಅಗೆದಾಗ ಹಳೆಯ ಫಿರಂಗಿಗಳು ದೊರೆತವು. ಅವುಗಳನ್ನು ಹುಡುಕಿ ಅಲ್ಲಿ ಯಾರೂ ಅಗೆದಿರಲಿಲ್ಲ.

ರಾಮನಗರ ಸೀಮೆಗೆ ಇನ್ನೂ ಅವಕಾಶವಿದೆ. ಗ್ರಾನೈಟಿಗಾಗಿ ಬೆಟ್ಟಗಳು ಸೀಳುವ ಮುನ್ನ, ಬಡಾವಣೆಗಳಿಗಾಗಿ ಹೊಲಗಳು ಸಮತಟ್ಟಾಗುವ ಮುನ್ನ, ಉಳಿದಿರುವ ಗೋಡೆ, ಬಾಗಿಲು, ಕೊಳಗಳ ನಕ್ಷೆ ತಯಾರಾಗಬೇಕು. ಕೋಟೆ, ಪೇಟೆ, ದಿಣ್ಣೆಗಳೆಂದು ಕರೆಯಿಸಿಕೊಳ್ಳುವ ಸ್ಥಳನಾಮಗಳನ್ನು ಕೈಫಿಯತ್ತುಗಳೊಂದಿಗೆ ಹೋಲಿಸಿ ಓದಬೇಕು. ಸಾವನದುರ್ಗದ ಗೋಡೆಯ ಬಿರುಕಿನ ಬಗೆಗೆ ಆಂಗ್ಲ ಅಧಿಕಾರಿಗಳು ದಿನವಹಿ ಬರೆದಿಟ್ಟಿದ್ದಾರೆ. ಉರಿದ ಕಾನಕಾನಹಳ್ಳಿಯ ಮನೆಗಳ ಲೆಕ್ಕವನ್ನು ಕನ್ನಡದ ಸಂಶೋಧನೆಯೇ ಬರೆಯಬೇಕಾಗಿದೆ.