ಬ್ಲಾಕ್‌ಚೈನ್ ಮೇಲೆ ಪ್ಯಾಕೇಜು: ಟೋಕನ್ ಗದ್ದಲಕ್ಕೂ ಹಿಂದಿನ ಕತೆ

2025ರ ನವೆಂಬರಿನಲ್ಲಿ ಅಮೆಜಾನಿನ ಭದ್ರತಾ ತಂಡ ಎನ್‌ಪಿಎಂ ರಿಜಿಸ್ಟ್ರಿಯಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಕಸದ ಪ್ಯಾಕೇಜುಗಳನ್ನು ಪತ್ತೆಮಾಡಿತು. ಯಾರಿಗೂ ಬೇಡದ ಆ ಪ್ಯಾಕೇಜುಗಳು ಹುಟ್ಟಿದ್ದು ‘ಟೀ’ ಎಂಬ ಪ್ರೋಟೊಕಾಲಿನ ಟೋಕನ್ ಗಿಟ್ಟಿಸಲಿಕ್ಕೆ. ಈಗ ಬ್ಲಾಕ್‌ಚೈನ್, ಪ್ಯಾಕೇಜು ಎಂಬ ಎರಡು ಮಾತು ಒಟ್ಟಿಗೆ ಕೇಳಿದರೆ ಸಾಕು, ಅನೇಕ ಎಂಜಿನಿಯರುಗಳು ಮುಖ ತಿರುಗಿಸುತ್ತಾರೆ. ಟೋಕನ್ನಿಗೂ ಮೊದಲು ಈ ಕ್ಷೇತ್ರದಲ್ಲಿ ನಡೆದ ಒಳ್ಳೆಯ ಕೆಲಸವೂ ಆ ತಿರಸ್ಕಾರದಲ್ಲಿ ಕೊಚ್ಚಿಹೋಗುತ್ತಿದೆ.

ಪೂರ್ವಕತೆಯನ್ನು ಬೇಗ ಮುಗಿಸಬಹುದು. 1990ರ ದಶಕದಲ್ಲಿ ಪರ್ಲ್ ಭಾಷೆಯ ಸಿಪ್ಯಾನ್, ಡೆಬಿಯನ್ನಿನ ಡಿಪಿಕೆಜಿ ಎಂಬ ಪ್ಯಾಕೇಜು ವ್ಯವಸ್ಥೆಗಳು ಬಂದವು. ವಿಶ್ವವಿದ್ಯಾಲಯಗಳೂ ಸ್ವಯಂಸೇವಕರೂ ಮಿರರ್ ಸರ್ವರುಗಳನ್ನಿಟ್ಟು ಪ್ಯಾಕೇಜುಗಳನ್ನು ಹಂಚಿದರು. 2010ರಲ್ಲಿ ಶುರುವಾದ ಎನ್‌ಪಿಎಂ ಮುಂದೆ ಒಂದು ಕಂಪನಿಯ ಕೈಗೆ ಬಂದು ಇಡೀ ಜಾವಾಸ್ಕ್ರಿಪ್ಟ್ ಲೋಕದ ಹೆಬ್ಬಾಗಿಲಾಯಿತು. ಬ್ಲಾಕ್‌ಚೈನಿನ ಕಡೆ, 1991ರಲ್ಲಿ ಹೇಬರ್ ಮತ್ತು ಸ್ಟಾರ್ನೆಟ್ಟಾ ದಾಖಲೆಗಳಿಗೆ ಕಾಲಮುದ್ರೆ ಒತ್ತುವ ವಿಧಾನ ಹೇಳಿದ್ದರು. 2008ರಲ್ಲಿ ಬಿಟ್‌ಕಾಯಿನ್ ಪ್ರಬಂಧ, 2011ರಲ್ಲಿ ನೇಮ್‌ಕಾಯಿನ್ ಬಂದವು. ಯಾರ ಅಪ್ಪಣೆಯನ್ನೂ ಕೇಳದೆ ಸರಪಳಿಯ ಮೇಲೆ ಹೆಸರು ನೋಂದಾಯಿಸಬಹುದು ಎಂದು ಮೊದಲು ಮಾಡಿ ತೋರಿಸಿದ ನೇಮ್‌ಕಾಯಿನ್‌ಗೆ ಸಲ್ಲಬೇಕಾದ ಗೌರವ ಇವತ್ತಿಗೂ ಸಂದಿಲ್ಲ.

2016ರ ಮಾರ್ಚಿನಲ್ಲಿ ಲೆಫ್ಟ್-ಪ್ಯಾಡ್ ಪ್ರಕರಣ ನಡೆಯಿತು. ‘ಕಿಕ್’ ಎಂಬ ಹೆಸರಿನ ಪ್ಯಾಕೇಜನ್ನು ಎನ್‌ಪಿಎಂ ಅದೇ ಹೆಸರಿನ ಕಂಪನಿಗೆ ಕೊಟ್ಟಿತು. ನೊಂದ ಲೇಖಕ ತನ್ನ ಪ್ಯಾಕೇಜುಗಳನ್ನೆಲ್ಲ ವಾಪಸು ತೆಗೆದುಕೊಂಡ. ಅವುಗಳಲ್ಲಿ ಅಕ್ಷರಸಾಲಿನ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ‘ಲೆಫ್ಟ್-ಪ್ಯಾಡ್’ ಕೋಡೂ ಒಂದು. ಅದನ್ನು ನೆಚ್ಚಿಕೊಂಡಿದ್ದ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ನಿಂತುಹೋಯಿತು. ಕೋಡು ಮಾಯವಾದದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಆದರೆ ಜಗಳ ಹುಟ್ಟಿದ್ದು ಹೆಸರಿಗಾಗಿ. ಅಳಿಸುವುದಕ್ಕೆ ಎನ್‌ಪಿಎಂ ಕೆಲವೇ ದಿನಗಳಲ್ಲಿ ನಿಯಮದ ಕಡಿವಾಣ ಹಾಕಿತು. ಹೆಸರನ್ನು ಯಾರು, ಯಾವ ಅಧಿಕಾರದಿಂದ ಕಿತ್ತುಕೊಳ್ಳಬಹುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಇಥೀರಿಯಂ ಬಳಗ. 2017ರ ಜನವರಿಯಲ್ಲಿ ಪೈಪರ್ ಮೆರಿಯಮ್, ಟ್ರಫಲ್ ಎಂಬ ಸಾಧನ ಕಟ್ಟಿದ ಟಿಮ್ ಕೋಲ್ಟರ್ ಮೊದಲಾದವರು ಇಐಪಿ-190 ಎಂಬ ಮಾನಕವನ್ನು ಮುಂದಿಟ್ಟರು. ಅದೇ ಇಥ್‌ಪಿಎಂ. ಆಗ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬರೆಯುತ್ತಿದ್ದ ನಮ್ಮ ತಲೆಮಾರಿನವರದ್ದೆಲ್ಲ ಒಂದೇ ತಲೆನೋವು. ಮಾಮೂಲಿ ಲೈಬ್ರರಿಗಾದರೆ ಮೂಲ ಕೋಡು ಕೊಟ್ಟರೆ ಮುಗಿಯಿತು. ಕಾಂಟ್ರ್ಯಾಕ್ಟು ಹಾಗಲ್ಲ, ಅದು ಸರಪಳಿಯ ಒಂದು ವಿಳಾಸದಲ್ಲಿ ಆಗಲೇ ಓಡುತ್ತಿರುತ್ತದೆ. ಯಾವ ಕೋಡು, ಯಾವ ಕಂಪೈಲರಿನ ಯಾವ ಆವೃತ್ತಿ, ಯಾವ ವಿಳಾಸ ಎಂಬುದನ್ನೆಲ್ಲ ಚಾಟಿನಲ್ಲಿ ಕಾಪಿ-ಪೇಸ್ಟ್ ಮಾಡಿ ಹಂಚಿಕೊಳ್ಳುತ್ತಿದ್ದೆವು.

ಇಥ್‌ಪಿಎಂ ಮ್ಯಾನಿಫೆಸ್ಟಿನಲ್ಲಿ, ಅಂದರೆ ಪ್ಯಾಕೇಜಿನ ವಿವರಪಟ್ಟಿಯಲ್ಲಿ, ಇವಕ್ಕೆಲ್ಲ ಜಾಗವಿತ್ತು. ಅದರ ಜಾಣತನ ತಿಳಿಯಲು ‘ಡಿಪ್ಲಾಯ್‌ಮೆಂಟ್ಸ್’ ಎಂಬ ಒಂದು ಭಾಗವನ್ನು ನೋಡಿದರೆ ಸಾಕು. ಕಾಂಟ್ರ್ಯಾಕ್ಟು ಯಾವ ಸರಪಳಿಯಲ್ಲಿದೆ ಎಂದು ಅಲ್ಲಿ ಹೆಸರಿನಿಂದ ಹೇಳುವುದಿಲ್ಲ. ಸರಪಳಿಯ ಮೊಟ್ಟಮೊದಲ ಬ್ಲಾಕಿನ ಹ್ಯಾಶ್, ಅದರ ಜೊತೆಗೆ ನಂತರದ ಯಾವುದಾದರೊಂದು ಬ್ಲಾಕಿನ ಹ್ಯಾಶ್, ಇವೆರಡನ್ನೂ ಬರೆಯಬೇಕು. ಎರಡೇಕೆ? 2016ರ ಜುಲೈನಲ್ಲಿ ಇಥೀರಿಯಂ ಒಡೆದು ಇಥೀರಿಯಂ ಕ್ಲಾಸಿಕ್ ಬೇರೆಯಾದಾಗ ಎರಡಕ್ಕೂ ಮೊದಲ ಬ್ಲಾಕು ಒಂದೇ ಆಗಿತ್ತು. ಒಡಕಿನ ಆಚೆಗಿನ ಒಂದು ಬ್ಲಾಕನ್ನು ಹೇಳಿದರೆ ಮಾತ್ರ ಯಾವ ಸರಪಳಿ ಎಂಬುದು ಖಚಿತವಾಗುತ್ತದೆ. ಪೆಟ್ಟು ತಿಂದು ಕಲಿತವರು ಬರೆದ ಮಾನಕ ಅದು.

ಕೋಡನ್ನೆಲ್ಲ ಸರಪಳಿಗೆ ತುರುಕುವ ತಪ್ಪನ್ನೂ ಅವರು ಮಾಡಲಿಲ್ಲ. ಸರಪಳಿಯ ಮೇಲಿನ ರಿಜಿಸ್ಟ್ರಿಯಲ್ಲಿ ಇರುತ್ತಿದ್ದದ್ದು ಹೆಸರು, ಆವೃತ್ತಿ, ಮ್ಯಾನಿಫೆಸ್ಟಿನ ವಿಳಾಸ, ಇಷ್ಟೇ. ಮ್ಯಾನಿಫೆಸ್ಟು ಐಪಿಎಫ್‌ಎಸ್ ಎಂಬ ವಿಕೇಂದ್ರಿತ ಫೈಲ್ ಜಾಲದಲ್ಲಿ ಇರುತ್ತಿತ್ತು. ಅಲ್ಲಿ ಒಳಗಿನ ವಿಷಯದ ಹ್ಯಾಶೇ ವಿಳಾಸವಾದ್ದರಿಂದ ಕದ್ದು ತಿದ್ದಲು ಬರುವುದಿಲ್ಲ. 2018ರ ಇಐಪಿ-1319 ಇನ್ನೂ ಮುಂದೆ ಹೋಗಿ, ಒಂದೇ ರಿಜಿಸ್ಟ್ರಿ ಯಾಕೆ, ಯಾರು ಬೇಕಾದರೂ ತಮ್ಮದೇ ರಿಜಿಸ್ಟ್ರಿ ಇಟ್ಟುಕೊಳ್ಳಲಿ ಎಂದಿತು. ಈ ಕ್ಷೇತ್ರ ಕಂಡ ಅತ್ಯಂತ ಪ್ರಬುದ್ಧ ವಿನ್ಯಾಸ ಇದೇ ಎಂದು ನನ್ನ ಖಚಿತ ನಂಬಿಕೆ. 2020ರಲ್ಲಿ ಇಐಪಿ-2678 ಮ್ಯಾನಿಫೆಸ್ಟನ್ನು ಇನ್ನಷ್ಟು ಸರಳಗೊಳಿಸಿತು. ಅಷ್ಟರಲ್ಲಿ ಬಳಸುವವರು ಕರಗಿದ್ದರು. 2023ರಲ್ಲಿ ಟ್ರಫಲ್ ಮುಚ್ಚುವ ಘೋಷಣೆಯಾಯಿತು, ಮುಂದೆ ಪೈಥಾನ್ ಲೈಬ್ರರಿಯಾದ ವೆಬ್3.ಪೈ ತನ್ನ 7ನೇ ಆವೃತ್ತಿಯಲ್ಲಿ ಇಥ್‌ಪಿಎಂ ಭಾಗವನ್ನು ಕಿತ್ತುಹಾಕಿತು.

ಐಪಿಎಫ್‌ಎಸ್ ಬಳಗ ಗೋ ಭಾಷೆಗಾಗಿ ಕಟ್ಟಿಕೊಂಡಿದ್ದ ಜಿಎಕ್ಸ್ ಎಂಬ ಪ್ಯಾಕೇಜು ಸಾಧನವೂ ಇದೇ ದಾರಿ ಹಿಡಿಯಿತು. 2019ರಲ್ಲಿ ಅವರೇ ಅದನ್ನು ಬಿಟ್ಟು ಗೋ ಮಾಡ್ಯೂಲಿಗೆ ಹೋದರು.

ಇದೇ ಹೊತ್ತಿಗೆ ಬ್ಲಾಕ್‌ಚೈನಿನ ಒಳಗಿನ ತತ್ವ ಬ್ಲಾಕ್‌ಚೈನ್ ಇಲ್ಲದೆಯೇ ಗೆದ್ದಿತು. 2017ರಲ್ಲಿ ಅಲ್-ಬಸಾಮ್ ಮತ್ತು ಮೈಕಲ್‌ಜಾನ್ ಅವರ ‘ಕಾಂಟೂರ್’ ಪ್ರಬಂಧ ಡೆಬಿಯನ್ ಪ್ಯಾಕೇಜುಗಳ ಹ್ಯಾಶನ್ನು ಒಟ್ಟುಗೂಡಿಸಿ ಬಿಟ್‌ಕಾಯಿನ್ನಿನಲ್ಲಿ ನಮೂದಿಸುವ ದಾರಿ ತೋರಿಸಿತ್ತು. 2019ರಲ್ಲಿ ಗೋ ಭಾಷೆಯವರು ಗಣಿಗಾರಿಕೆಯೂ ಇಲ್ಲದ, ನಾಣ್ಯವೂ ಇಲ್ಲದ, ಮಾಡ್ಯೂಲುಗಳ ಹ್ಯಾಶ್ ಇಡುವ ಒಂದು ಸಾರ್ವಜನಿಕ ದಾಖಲೆಯನ್ನು ತೆರೆದರು. ಸೇರಿಸಬಹುದು, ಗುಟ್ಟಾಗಿ ಅಳಿಸಲಾಗದು. 2021ರಲ್ಲಿ, ಸಹಿಗಳನ್ನು ಇಂಥದೇ ದಾಖಲೆಯಲ್ಲಿ ನಮೂದಿಸುವ ಸಿಗ್‌ಸ್ಟೋರ್ ಬಂತು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಹೆಸರಿನ ಒಡೆತನವನ್ನು ಇವು ಮುಟ್ಟುವುದಿಲ್ಲ. ಎನ್‌ಪಿಎಂ 2020ರಿಂದ ಗಿಟ್‌ಹಬ್‌ನದು, ಅಂದರೆ ಮೈಕ್ರೋಸಾಫ್ಟಿನದು; ಅಲ್ಲಿ ಹೆಸರಿನ ಬಗ್ಗೆ ಕೊನೆಯ ಮಾತು ಅವರದೇ.

ಟೀ ಬಂದದ್ದು ಇದಾದ ಮೇಲೆ. ಹೋಮ್‌ಬ್ರೂ ಕಟ್ಟಿದ ಮ್ಯಾಕ್ಸ್ ಹೋವೆಲ್ ಹಣವಿಲ್ಲದೆ ದುಡಿಯುವ ಕೋಡುಗಾರರಿಗೆ ಸಂಭಾವನೆ ಸಿಗಬೇಕೆಂದು ಹೊರಟರು. ಉದ್ದೇಶ ಒಳ್ಳೆಯದೇ. ಆದರೆ ಯಾವ ಪ್ಯಾಕೇಜನ್ನು ಎಷ್ಟು ಪ್ಯಾಕೇಜು ನೆಚ್ಚಿವೆ ಎಂಬ ಲೆಕ್ಕಕ್ಕೆ ಟೋಕನ್ ಕಟ್ಟಿದ ಕ್ಷಣವೇ ಆ ಲೆಕ್ಕ ಕೆಟ್ಟಿತು. ಇಥ್‌ಪಿಎಂನವರು ಸರಪಳಿಯನ್ನು ನೋಂದಣಿ ಪುಸ್ತಕವಾಗಿ ಬಳಸಿದರು. ಇಲ್ಲಿ ಅದು ಬಟವಾಡೆ ಪುಸ್ತಕವಾಯಿತು.

ಇಥ್‌ಪಿಎಂ ಬಿಟ್ಟುಹೋದ ಪ್ರಶ್ನೆಗಳೂ ಸಣ್ಣವಲ್ಲ. ಖಾಸಗಿ ಕೀ ಕಳೆದುಕೊಂಡವನ ಪ್ಯಾಕೇಜಿನ ಗತಿ ಏನು? ಅಳಿಸಲಾಗದ ಕಡೆ ವಿಷದ ಕೋಡು ಸೇರಿದರೆ ಬಳಕೆದಾರನಿಗೆ ಎಚ್ಚರಿಕೆ ಮುಟ್ಟಿಸುವುದು ಹೇಗೆ? ಐಪಿಎಫ್‌ಎಸ್‌ನಲ್ಲಿ ಯಾರಾದರೂ ಫೈಲನ್ನು ಹಿಡಿದಿಟ್ಟುಕೊಂಡರೆ ಮಾತ್ರ ಅದು ಸಿಗುತ್ತದೆ. ಆ ಖರ್ಚು ಯಾರದು? ಇವಕ್ಕೆ ಮಾನಕ ಬರೆದರೆ ಸಾಲದು, ಹೊಣೆ ಹೊರುವ ಒಂದು ಸಂಸ್ಥೆ ಬೇಕಿತ್ತು.

ಅಂಥ ಸಂಸ್ಥೆ ಇಲ್ಲದ್ದರ ಬೆಲೆ ಕಣ್ಣೆದುರಿಗಿದೆ. 2023ರ ಡಿಸೆಂಬರಿನಲ್ಲಿ ಲೆಡ್ಜರ್ ಕನೆಕ್ಟ್ ಕಿಟ್, 2024ರ ಡಿಸೆಂಬರಿನಲ್ಲಿ ಸೊಲಾನಾದ ವೆಬ್3 ಲೈಬ್ರರಿ ಕಳ್ಳರ ಕೈಗೆ ಸಿಕ್ಕಿದ್ದು ಎನ್‌ಪಿಎಂ ಮೂಲಕ, ಪ್ರಕಟಿಸುವ ಹಕ್ಕಿದ್ದ ಖಾತೆಗಳಿಂದಲೇ. ಸರಪಳಿಯ ಮೇಲೆ ಕೋಟಿಗಟ್ಟಲೆ ಹಣ ಕಾಯುವ ಕಾಂಟ್ರ್ಯಾಕ್ಟುಗಳಿಗೆ ಬುನಾದಿಯಾದ ಓಪನ್‌ಝೆಪ್ಪೆಲಿನ್ ಕೋಡನ್ನು ಇವತ್ತಿಗೂ ಹೆಚ್ಚಿನವರು ಎನ್‌ಪಿಎಂನಿಂದಲೋ ಗಿಟ್‌ಹಬ್‌ನಿಂದಲೋ ಇಳಿಸಿಕೊಳ್ಳುತ್ತಾರೆ. ಇಐಪಿ-2678 ಈಗಲೂ ಓದಿ ಬಳಸುವ ಸ್ಥಿತಿಯಲ್ಲಿದೆ. ಸರಪಳಿಯ ಮೇಲಿನ ಆ ಹಣದಿಂದ ಲಾಭ ಮಾಡುವ ಕಂಪನಿಗಳು ಸೇರಿ ಒಂದು ರಿಜಿಸ್ಟ್ರಿಯ ಖರ್ಚು ಹೊತ್ತು, ಒಬ್ಬರ ಬದಲು ಹಲವರ ಸಹಿಯಿದ್ದರೆ ಮಾತ್ರ ಹೊಸ ಆವೃತ್ತಿ ಹೊರಬೀಳುವಂತೆ ಮಾಡಲು ಬೇಕಾದ ತಂತ್ರವೆಲ್ಲ 2018ರಿಂದಲೇ ಸಿದ್ಧವಿದೆ.